ಕೂರಿಸುವ ಪದ

ಕರೆಯುವ ಪದ ಬೇರೆ, ಕೂರಿಸುವ ಪದ ಬೇರೆ. ಬಾವಲಿ ರಸ್ತೆಯ ಕಾಡಂಚಿನ ಆ ಹಾಡಿಯಲ್ಲಿ ಇದು ಮೊಲೆ ಬಿಡದ ಕೂಸಿಗೂ ಗೊತ್ತು. ಸತ್ತವರು ಸತ್ತ ದಿನವೇ ಹಿರಿಯರ ಜೊತೆ ಸೇರಿಬಿಡುವುದಿಲ್ಲ. ಒಂದು ವರ್ಷ ಕಾಡಿನಲ್ಲಿ ತಿರುಗುತ್ತಾರೆ; ಬದುಕಿದ್ದಾಗ ನಡೆದ ದಾರಿಗಳನ್ನೆಲ್ಲ ಇನ್ನೊಮ್ಮೆ ನಡೆದು ನೋಡುತ್ತಾರೆ. ವರ್ಷ ತುಂಬಿದ ದಿನ, ನೆರಳು ಕಾಲಡಿಗೆ ಬಂದು ನಿಲ್ಲುವ ನಡುಹಗಲಲ್ಲಿ, ಹಿರಿಯರ ಕಟ್ಟೆಯ ಮುಂದೆ ಕರೆಯುವ ಪದ ಹಾಡಿ ಅವರನ್ನು ಬರಮಾಡಿಕೊಳ್ಳಬೇಕು. ಬಂದವರನ್ನು ಕೂರಿಸುವ ಪದ ಹಾಡಿ ಕೂರಿಸಬೇಕು. ಅಲ್ಲಿಯವರೆಗೆ ಅವರು ಕೂರುತ್ತಿದ್ದ ಮಣೆಯನ್ನು ಜಗಲಿಯ ಮೂಲೆಯಲ್ಲಿ ಬೋರಲು ಹಾಕಿ ಇಟ್ಟಿರುತ್ತಾರೆ. ಬೋರಲು ಬಿದ್ದ ಮಣೆಯ ಮೇಲೆ ಯಾರೂ ಕೂರುವ ಹಾಗಿಲ್ಲ, ಸತ್ತವರೂ.

ಆ ಎರಡು ಪದಗಳನ್ನು ಹಾಡಬಲ್ಲವನು ಚೆನ್ನ ಒಬ್ಬನೇ ಉಳಿದಿದ್ದ. ಹಾಡಿಯ ಎಷ್ಟೋ ಜನರನ್ನು ಅವನೇ ಕರೆದು ಕೂರಿಸಿದ್ದ. ಈಗ ಅವನೇ ತೀರಿಹೋಗಿ ವರ್ಷ ತುಂಬುತ್ತಾ ಬಂದಿತ್ತು. ಕಾಫಿ ಹೂ ಬಿಟ್ಟ ವಾರ; ಗಾಳಿ ಬೀಸಿದ ಕಡೆಗೆಲ್ಲ ಅದರದೇ ಪರಿಮಳ.

ಅವನ ಮೊಮ್ಮಗ ಸುಮೇಶ ಕಾಟ್ಟಿಕುಳಂ ಪೇಟೆಯಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವವನು. ಹೆಂಡತಿಯ ಹೆಸರಿನಲ್ಲಿ ‘ಅಂಬಿಳಿ ಸೌಂಡ್ಸ್’ ಎಂದು ಬೋರ್ಡು ಬರೆಸಿದ್ದ. ಚೆನ್ನ ಸಾಯುವ ಮುಂಚಿನ ಬೇಸಿಗೆಯಲ್ಲಿ ಒಂದು ದಿನ ತಾನಾಗಿಯೇ ಮೊಮ್ಮಗನನ್ನು ಕರೆದು, “ನನ್ನ ಪದ ಹಿಡ್ಕೋ” ಎಂದಿದ್ದ. ಸುಮೇಶ ಫೋನು ತೆಗೆದ. ಅಜ್ಜ ತಲೆಯಾಡಿಸಿದ.

“ಆ ಕನ್ನಡೀಲಿ ಏನೂ ತಿರುಗೋದ್ ಕಾಣಕಿಲ್ಲ ಕಣಾ. ನನ್ನ ಸ್ವರ ಎತ್ತಾಗ್ ಹೋಯ್ತಾ ಅದೆ ಅಂತ ನಂಗ್ ಕಾಣ್ಬೇಕು. ತಿರುಗೋದ್ರಲ್ಲಿ ಹಿಡಿ.”

ಹಾಗಾಗಿ ಅಟ್ಟದ ಮೇಲಿದ್ದ ಹಳೆಯ ಟೇಪ್ ರೆಕಾರ್ಡರ್ ಕೆಳಗೆ ಬಂತು. ಕ್ಯಾಸೆಟ್ಟಿನ ಪುಟ್ಟ ಚಕ್ರಗಳು ತಿರುಗುವುದನ್ನು ಅಜ್ಜ ಕೂಸಿನ ಹಾಗೆ ಬಗ್ಗಿ ನೋಡಿದ. “ನಾ ಸತ್ರೆ ಕರ್ಯೋಕೆ ಯಾರವ್ರೆ? ನನ್ನ ನಾನೇ ಕರ್ಕೋತೀನಿ ಬುಡು” ಎಂದು ನಕ್ಕ. ಆಮೇಲೆ ಕಣ್ಣು ಮುಚ್ಚಿ, ಕೂತ ಮಣೆಯ ಅಂಚನ್ನು ಹಿಡಿದು, ಕರೆಯುವ ಪದವನ್ನು ಹಾಡಿದ.

ಬಾ, ತೇಗದ ನೆರಳಿಂದ ಬಾ.
ಬಾ, ತೊರೆಯ ಕಲ್ಲಿಂದ ಬಾ.

ಪದ ಮುಗಿಯಿತೆಂದು ಸುಮೇಶ ಗುಂಡಿ ಒತ್ತಲು ಕೈ ಚಾಚಿದರೆ ಅಜ್ಜ ಅಂಗೈ ಎತ್ತಿ ತಡೆದ. “ನಿಲ್ಸ್ಬೇಡ. ಓಡ್ಲಿ ಅದು. ನೀ ಹೋಗಿ ಕಟ್ಟಂಚಾಯ ತಕ್ಕೊಂಡ್ ಬಾ.” ಸುಮೇಶ ಒಳಗೆ ಹೋಗಿ, ನೀರು ಕಾಯಿಸಿ, ಹಾಲಿಲ್ಲದ ಚಹಾ ಸೋಸಿ ತರುವಷ್ಟರಲ್ಲಿ ಟೇಪು ಓಡಿ ಮುಗಿದು ಟಕ್ಕೆಂದು ನಿಂತಿತ್ತು. ಕೂರಿಸುವ ಪದ ಕಟ್ಟೆಯ ಮುಂದಲ್ಲದೆ ಎಳೆಯರ ಕಿವಿಗೆ ಬೀಳಬಾರದೆಂದು ತನ್ನನ್ನು ಹೊರಗೆ ಕಳಿಸಿ ಹಾಡಿದ್ದಾನೆ ಎಂದುಕೊಂಡ ಸುಮೇಶ. “ಎರಡೂ ಐತೆ ಅವ್ವಾ” ಎಂದು ತಾಯಿ ಕಾರ್ತ್ಯಾಯಿನಿಗೆ ಹೇಳಿದ. ಕೊನೆಯವರೆಗೆ ಕೇಳಿ ನೋಡಲಿಲ್ಲ. ಅಜ್ಜ ಬದುಕಿರುವಾಗ ಕೇಳುವುದು ಸರಿಯಲ್ಲ ಎನಿಸಿತು. ಸತ್ತ ಮೇಲೆ ಕೇಳುವ ಧೈರ್ಯ ಬರಲಿಲ್ಲ.

ಈಗ ದಿನ ಹತ್ತಿರ ಬಂತು. ಹಿರಿಯರ ಕಟ್ಟೆ ಇರುವುದು ಕಾಡಿನೊಳಗೆ, ಒಂದು ದೊಡ್ಡ ಕಾಡುಹಲಸಿನ ಬುಡದಲ್ಲಿ. ಅಲ್ಲಿಗೆ ಕರೆಂಟಿನ ತಂತಿ ಹೋಗಿಲ್ಲ. ಜನರೇಟರ್ ಒಯ್ಯುವ ಹಾಗಿಲ್ಲ, ಎಂಜಿನ್ನಿನ ಸದ್ದಿಗೆ ಹಿರಿಯರು ಎದ್ದು ಹೋಗುತ್ತಾರೆ. ಸುಮೇಶನ ಹತ್ತಿರ ಇದ್ದದ್ದು ಸ್ವರ ಹದಮಾಡಿ ಸ್ಪೀಕರಿಗೆ ಕಳಿಸುವ, ಮದುವೆ ಮನೆಯ ದೊಡ್ಡ ಮಿಕ್ಸರು. ಅದಕ್ಕೆ ಕರೆಂಟೂ ಬೇಕು, ಅದು ಹಾಡಿಗಿಂತ ಮೊದಲು ತಾನೇ ಗುಂಯ್ ಎನ್ನುತ್ತದೆ. ಟೇಪಿನ ಸ್ವರ ಮೊದಲೇ ತೆಳು. ಹೇಗೆ ಹೇಗೋ ಹಾಕಿದರೆ ಅಜ್ಜನ ಸ್ವರ ಅಜ್ಜನದಾಗಿ ಉಳಿಯುವುದಿಲ್ಲ. ಯಾರದೋ ಸ್ವರ ಕರೆದರೆ ಅವನು ಬಂದಾನೆ?

ಸುಮೇಶ ಮೀನಂಗಡಿಗೆ ಹೋದ. ಅಲ್ಲಿ ಸುಜೀಶ್ ಎಂಬವನಿದ್ದ. ಕರ್ನಾಟಕದ ಕಡೆಯಿಂದ ಬಂದು ನೆಲೆಸಿದ ಒಕ್ಕಲು ಮನೆಯವನು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮಲಯಾಳಂ, ಸಿಟ್ಟು ಬಂದರೆ ಎರಡೂ. ರೆಸಾರ್ಟುಗಳಲ್ಲಿ ಡಿಜೆ ಹಾಕುವುದು ಅವನ ಕೆಲಸ. ಅವನು ಮೇಜಿನ ಮೇಲೆ ಎರಡು ಸಣ್ಣ ಮಿಕ್ಸರುಗಳನ್ನು ಇಟ್ಟ. ಎರಡೂ ಫೋನಿನ ಪವರ್ ಬ್ಯಾಂಕಿನಲ್ಲೇ ನಡೆಯುವಂಥವು.

ಒಂದಕ್ಕೆ ಮೈತುಂಬ ನೀಲಿ ದೀಪ. ಮೇಲೆ ಕೆಳಗೆ ಜಾರಿಸುವ ಫೇಡರುಗಳು, ಪ್ರತಿಧ್ವನಿ ಹಾಕುವ ಬಟನ್ನುಗಳು. ಹಾಡು ನಿಂತರೆ ತಾನಾಗಿಯೇ ಸದ್ದಿನ ಬಾಗಿಲು ಮುಚ್ಚಿ, ಒಂದು ಚೂರು ಗರಗರವೂ ಹೊರಗೆ ಬಾರದಂತೆ ನೋಡಿಕೊಳ್ಳುತ್ತಿತ್ತು. ಇನ್ನೊಂದು ಎರಡು ಅಂಗೈ ಅಗಲದ ಕಪ್ಪು ಪೆಟ್ಟಿಗೆ. ಎರಡೂ ಪಕ್ಕಕ್ಕೆ ಮರದ ಹಲಗೆ. ಜಾರಿಸುವುದು ಒಂದೂ ಇಲ್ಲ. ಎಲ್ಲವೂ ದುಂಡನೆಯ ನಾಬುಗಳು, ತಿರುಗಿಸುವುದೇ. ದೀಪವೆಂದರೆ ಸದ್ದು ಬಂದಾಗ ಹೊತ್ತಿ ಹೋದಾಗ ಆರುವ ಒಂದು ಹಸಿರು ಚುಕ್ಕಿ ಮಾತ್ರ.

“ಇದು ರೋಟರಿ ಮಿಕ್ಸರು ಮೋನೇ” ಎಂದ ಸುಜೀಶ್. “ರೆಸಾರ್ಟಿಗೆ ಬಂದ ಒಬ್ಬ ಗಡ್ಡದವನು ಕೊಟ್ಟು ಹೋದ. ಸೌಂಡು ಒಳ್ಳೆಯದು, ಸುಳ್ಳು ಹೇಳಬಾರದು. ಆದರೆ ಇಟ್ಟುಕೊಂಡು ಏನು ಮಾಡುತ್ತಿ? ಮದುವೆ ಗಂಡಿನ ಗೆಳೆಯರು ಕುಣಿಯುವಾಗ ನೀನು ಇದನ್ನು ಅಡುಗೆ ಗ್ಯಾಸಿನ ಹಾಗೆ ತಿರುಗಿಸುತ್ತಾ ನಿಂತರೆ, ಮೊದಲು ನಿನ್ನನ್ನೇ ಎತ್ತಿ ಹೊರಗೆ ಹಾಕ್ತಾರೆ.”

“ಮದುವೆಗಲ್ಲ ಸುಜೀಶೇಟ್ಟಾ. ಅಜ್ಜನಿಗೆ.”

ಸುಜೀಶ್ ಆಮೇಲೆ ತಮಾಷೆ ಮಾಡಲಿಲ್ಲ. “ಎರಡನ್ನೂ ತಗೊಂಡು ಹೋಗು. ಮನೇಲಿ ಕೇಳಿ ನೋಡು. ಬೇಕಾದ್ದು ಇಟ್ಟುಕೋ. ನಿನ್ನ ಆ ಎರಡು ಕೋಳಾಂಬಿ ನನಗೆ ಕೊಟ್ಟುಬಿಡು, ಉತ್ಸವಕ್ಕೆ ಬೇಕಾಗಿತ್ತು.” ಕೋಳಾಂಬಿ ಎಂದರೆ ಮರಕ್ಕೆ ಕಟ್ಟುವ ಹಳೆಯ ಕಹಳೆ ಸ್ಪೀಕರು. ಆ ಮಾತಿಗೆ ಇಬ್ಬರೂ ಕೈ ಹಿಡಿದರು.

ಸದ್ದಿನ ಕೆಲಸದವರಿಗೆ ಒಂದು ಅಭ್ಯಾಸವಿದೆ. ಯಂತ್ರ ಹೇಗಿದೆ ಎಂದು ನೋಡಲು ಅವರು ಇಡೀ ಹಾಡು ಕೇಳುವುದಿಲ್ಲ. ಒಂದೇ ಸಾಲು, ಹತ್ತು ಉಸಿರಿನಷ್ಟು. ಅದನ್ನೇ ಇದರಲ್ಲಿ ಒಮ್ಮೆ, ಅದರಲ್ಲಿ ಒಮ್ಮೆ, ಮತ್ತೆ ಇದರಲ್ಲಿ. ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಸುಮೇಶ ಜಗಲಿಯಲ್ಲಿ ಟೇಪು, ಎರಡು ಮಿಕ್ಸರು, ಬ್ಯಾಟರಿ ಸ್ಪೀಕರುಗಳನ್ನು ಹರಡಿಕೊಂಡು ಕೂತ. ತೇಗದ ನೆರಳಿಂದ ಬಾ. ಹಿಂದಕ್ಕೆ ಸುತ್ತು. ತೇಗದ ನೆರಳಿಂದ ಬಾ. ನೀಲಿ ದೀಪದ್ದರಲ್ಲಿ ಸ್ವರ ಸೋಸಿದ ಹಾಲಿನ ಹಾಗೆ ಬಂತು, ಹಿಂದೆ ಮುಂದೆ ಏನೂ ಇಲ್ಲದೆ. ರೋಟರಿಯಲ್ಲಿ ಸ್ವರ ದಪ್ಪವಾಗಿ, ಹತ್ತಿರದಲ್ಲಿ ಬಂತು, ಆದರೆ ಟೇಪಿನ ಸುಯ್ಯೆನ್ನುವ ಸದ್ದೂ ಜೊತೆಗೇ ಬಂತು. ಎರಡು ದಿನ ಹೀಗೆ ಕೇಳಿ, ನೀಲಿ ದೀಪದ್ದೇ ಸರಿ ಎಂದು ಮನಸ್ಸು ಮಾಡಿದ. ಹಿರಿಯರ ಮುಂದೆ ಗರಗರ ಬೇಡ, ಸ್ವರ ಚೊಕ್ಕವಾಗಿರಲಿ ಎಂದು.

ಮೂರನೆಯ ದಿನ ಬೆಳಗ್ಗೆ ಅಂಬಿಳಿ ಜಗಲಿ ಗುಡಿಸುತ್ತಾ ಅತ್ತೆಯನ್ನು ಕೇಳಿದಳು. “ಮಾವಿ, ಮಣೆ ಯಾಕೆ ತಿರುಗಿಸಿ ಇಟ್ರಿ?”

“ನಾ ಮುಟ್ಲಿಲ್ಲ” ಎಂದಳು ಕಾರ್ತ್ಯಾಯಿನಿ ಒಲೆಯ ಮುಂದಿನಿಂದ.

ಚೆನ್ನನ ಮಣೆ ಮೇಲ್ಮುಖವಾಗಿತ್ತು. ಅಂಬಿಳಿ ಅದನ್ನು ಬೋರಲು ಹಾಕಿದಳು. ಮಧ್ಯಾಹ್ನ ನೋಡಿದರೆ ಮತ್ತೆ ಮೇಲ್ಮುಖ. ನಾಯಿ ಬಿಸಿಲಲ್ಲಿ ಮಲಗಿದ್ದದ್ದು ಎದ್ದು ಹೋಗಿ, ಮೆಟ್ಟಿಲ ಹತ್ತಿರ ಯಾರೂ ಇಲ್ಲದ ಜಾಗಕ್ಕೆ ಬಾಲ ಅಲ್ಲಾಡಿಸಿ, ಯಾರಿಗೋ ಹಾದಿ ಬಿಡುವ ಹಾಗೆ ಪಕ್ಕಕ್ಕೆ ಸರಿದು ಮಲಗಿತು. ಊಟಕ್ಕೆ ಕೂತಾಗ ಕಾರ್ತ್ಯಾಯಿನಿ ನಾಲ್ಕು ತಟ್ಟೆ ಇಟ್ಟಿದ್ದಳು. ಇದ್ದವರು ಮೂವರು. ಹೊರಗೆ ಮೆಟ್ಟಿಲ ಮೇಲೆ ಬಿಸಿಲು ಬಿದ್ದಿತ್ತು. ಆ ಬಿಸಿಲಿನ ನಡುವೆ, ಒಬ್ಬ ಮನುಷ್ಯ ಕುಕ್ಕರಗಾಲಲ್ಲಿ ಕೂತರೆ ಎಷ್ಟು ಜಾಗ ಬೇಕೋ ಅಷ್ಟು, ನೆರಳಿತ್ತು. ಮೇಲೆ ಮರವಿಲ್ಲ, ಮೋಡವಿಲ್ಲ. ಸುಮೇಶ ನೋಡುತ್ತಿದ್ದಂತೆಯೇ ಆ ನೆರಳು ಎದ್ದಿತು, ನಿಂತಿತು, ಮತ್ತೆ ಕೂತಿತು.

“ಮೂರು ದಿನದಿಂದ ಹಿಂಗೇ ಕುಂತೂ ಎದ್ದೂ ಮಾಡ್ತಾ ಅದೆ” ಎಂದಳು ತಾಯಿ, ಮೆಲ್ಲಗೆ. “ಏನ್ ಮಾಡ್ದೆ ಮಗಾ ನೀನು?”

“ಏನಿಲ್ಲ ಅವ್ವಾ. ಸೌಂಡು ನೋಡ್ದೆ ಅಷ್ಟೇ.”

“ಹೆಂಗ್ ನೋಡ್ದೆ?”

ಸುಮೇಶ ಹೇಳಿದ. ಮೊದಲ ಸಾಲು. ಇದರಲ್ಲಿ ಒಮ್ಮೆ, ಅದರಲ್ಲಿ ಒಮ್ಮೆ.

“ಎಷ್ಟ್ ಸಲ?”

“ಒಂದ್ ನಲ್ವತ್ತು.”

ಕಾರ್ತ್ಯಾಯಿನಿ ಹಣೆಗೆ ಕೈ ಹಚ್ಚಿದಳು. “ನಲ್ವತ್ತು ಸಲ ಬಾ ಬಾ ಅಂದಿದ್ದೀಯಲ್ಲೋ. ಒಂದ್ ಸಲಾನಾದ್ರೂ ಕುಂತ್ಕೋ ಅಂದಿದ್ದೀಯಾ? ದಾರೀಲಿ ಹೋಗೋರ್ನ ಕರ್ದ್ರೂ ಒಂದ್ ಮಣೆ ಕೊಡ್ತೀವಿ. ನನ್ ಹೆತ್ತಪ್ಪನ್ನ ಬಾಗ್ಲಿಗ್ ಕರ್ದು ನಿಲ್ಸಿದ್ದೀಯ.”

ಅಂಬಿಳಿ ಸೆರಗಿನ ತುದಿಯನ್ನು ಬಾಯಿಗೆ ಹಿಡಿದಿದ್ದಳು. ಯಾರೂ ಉಣ್ಣಲಿಲ್ಲ. ಕಾರ್ತ್ಯಾಯಿನಿ ನಾಲ್ಕನೆಯ ತಟ್ಟೆಯನ್ನು ಎತ್ತಲೂ ಇಲ್ಲ, ಅದಕ್ಕೆ ಬಡಿಸಲೂ ಇಲ್ಲ.

“ನಾಡಿದ್ದು ದಿನ ಐತಲ್ಲ. ಎಲ್ಡೂ ಪದ ಐತೆ ಅಂದಿದ್ದೆ. ಕಡೇ ತನಕ ಕೇಳಿದ್ದೀ ತಾನೆ?”

ಸುಮೇಶ ತಲೆ ತಗ್ಗಿಸಿದ.

“ಕೇಳು ಈಗ. ಮೊದ್ಲಿಂದ ಹಾಕ್ಬೇಡ, ಇನ್ನೊಂದ್ ಸಲ ಕರ್ಯೋದ್ ಬೇಡ. ಕಡೇದು ಕೇಳು.”

ಅವನು ಟೇಪನ್ನು ಮುಂದಕ್ಕೆ ಓಡಿಸಿ, ಕಿವಿಗೆ ಹೆಡ್‌ಫೋನು ಹಾಕಿ, ನೀಲಿ ದೀಪದ ಮಿಕ್ಸರಿನಲ್ಲಿ ಕೇಳಿದ. ಕರೆಯುವ ಪದದ ಕೊನೆಯ ಎಳೆತ. “ನಿಲ್ಸ್ಬೇಡ. ಓಡ್ಲಿ ಅದು.” ತನ್ನದೇ ಹೆಜ್ಜೆಯ ಸದ್ದು ಒಳಗೆ ಹೋಯಿತು. ಆಮೇಲೆ ಏನೂ ಇಲ್ಲ. ಬಾವಿಗೆ ಮುಚ್ಚಳ ಹಾಕಿದ ಹಾಗೆ ಏನೂ ಇಲ್ಲ. ಅಜ್ಜ ಹಾಡಿರಲಿಲ್ಲ.

ಸುಮೇಶ ತಾಯಿಯ ಮುಖ ನೋಡಲಾರದೆ ಹೇಳಿದ. “ಇಲ್ಲ ಅವ್ವಾ. ಇಲ್ಲ.”

ಕಾರ್ತ್ಯಾಯಿನಿ ಗೋಡೆಗೆ ಒರಗಿದಳು. ಅಪ್ಪನ ಮೇಲೆ ಸಿಟ್ಟಿಲ್ಲದ ಧ್ವನಿಯಲ್ಲಿ ಅಂದಳು. “ಹೆಂಗ್ ಹಾಡಿಯಾನು? ಸತ್ತೋರ್ ಬಂದ್ ನಿಲ್ದೆ ಆ ಪದ ಬಾಯಲ್ಲಿ ಬರ್ಬಾರ್ದು. ಬಂದ್ರೆ ಆ ಮನೇಲಿ ಒಬ್ರು ಸತ್ತು ಕುಂತ್ಬುಡ್ತಾರೆ. ಅಷ್ಟೂ ತಿಳೀದವನಾ ಅಪ್ಪ.”

ಪದದ ಮಾತುಗಳು ಅವಳಿಗೆ ಗೊತ್ತಿದ್ದವು. ಹೆಂಗಸರೆಲ್ಲ ಹಾಡುವವನ ಹಿಂದೆ ಕೂತು ಸಾಲಿನ ಕೊನೆಯನ್ನು ತುಟಿಯಲ್ಲೇ ಅಂದುಕೊಳ್ಳುವುದು ವಾಡಿಕೆ. ಅವಳು ತಾಯಿಯ ಬೆನ್ನ ಮೇಲಿದ್ದಾಗಿನಿಂದ ಅಂದುಕೊಂಡವಳು. ಆದರೆ ಬಾಯಲ್ಲಿ ಮಾತಿದ್ದರೆ ಸಾಲದು. ಹಾಡುವವನು ಮೊದಲು ಬೆರಳಿನಿಂದ ಮಣೆಯ ಮೇಲೆ ಬಡಿತ ಕೊಡಬೇಕು. ಆ ಬಡಿತವನ್ನು ಪದ ಹಾಡಬಲ್ಲವನ ಬೆರಳೇ ಕೊಡಬೇಕು. ಬೆರಳು ಕೊಟ್ಟ ದಾರಿಯಲ್ಲೇ ಸತ್ತವರು ನಡೆದು ಬಂದು ಕೂರುತ್ತಾರೆ. ದಾರಿಯಿಲ್ಲದ ಪದ ಬರೀ ಅಳು.

ಸುಮೇಶನಿಗೆ ಏನು ತೋಚಿತೋ, ಹೆಡ್‌ಫೋನಿನ ತಂತಿಯನ್ನು ಕಿತ್ತು ರೋಟರಿಗೆ ಚುಚ್ಚಿದ. ಅದೇ ಜಾಗಕ್ಕೆ ಟೇಪು ತಂದ. ಓಡ್ಲಿ ಅದು. ಹೆಜ್ಜೆ ಸದ್ದು. ಆಮೇಲೆ ಸುಯ್ ಎನ್ನುವ ಟೇಪಿನ ಗಾಳಿ. ಈ ಯಂತ್ರಕ್ಕೆ ಬಾಗಿಲು ಮುಚ್ಚಿ ಅಭ್ಯಾಸವಿರಲಿಲ್ಲ. ಇದ್ದದ್ದನ್ನೆಲ್ಲ ಒಳಗೆ ಬಿಟ್ಟುಕೊಳ್ಳುತ್ತಿತ್ತು. ಸುಮೇಶ ಮೇಲಿನ ಸ್ವರಗಳ ನಾಬನ್ನು ಹಿಂದಕ್ಕೆ ತಿರುಗಿಸಿದ. ಗಾಳಿ ಇಳಿಯಿತು. ಕೆಳಗಿನ ಸ್ವರಗಳ ನಾಬನ್ನು, ಲಾಂದ್ರದ ಬತ್ತಿ ಏರಿಸುವ ಹಾಗೆ, ಕೂದಲೆಳೆಯಷ್ಟು ಕೂದಲೆಳೆಯಷ್ಟು ಮುಂದಕ್ಕೆ ತಂದ. ಬೆರಳಿಗೂ ಸದ್ದಿಗೂ ನಡುವೆ ಜಿಗಿತವೇ ಇರಲಿಲ್ಲ. ಗಾಳಿಯ ತಳದಲ್ಲಿ ಏನೋ ಇತ್ತು.

ಟೊಕ್. ಟೊಕ್ ಟೊಕ್. ಟೊಕ್.

ಬೆರಳು. ಮಣೆಯ ಮೇಲೆ ಬೆರಳು.

ಅವನು ಹೆಡ್‌ಫೋನು ತೆಗೆದು ತಾಯಿಯ ಕಿವಿಗೆ ಇಟ್ಟ. ಕಾರ್ತ್ಯಾಯಿನಿ ಕಣ್ಣು ಮುಚ್ಚಿದಳು. ಅವಳ ಕೊರಳು ಉಬ್ಬಿತು, ತುಟಿ ಬಿಚ್ಚಿತು. ಒಡನೆ ಅವಳು ಸೆರಗನ್ನು ಮುದ್ದೆ ಮಾಡಿ ಬಾಯಿಗೆ ತುರುಕಿಕೊಂಡು ಹೆಡ್‌ಫೋನನ್ನು ಕಿತ್ತು ನೆಲಕ್ಕಿಟ್ಟಳು.

“ಸಾಕು. ಇಲ್ ಬರ್ಬಾರ್ದು ಅದು. ಅಲ್ಲೇ ಬರ್ಲಿ.” ಉಸಿರು ತಿರುಗಿದ ಮೇಲೆ ಕೇಳಿದಳು. “ಆ ಪೆಟ್ಗೆ ಯಾವ್ದು?”

“ಮರದ ಹಲ್ಗೆ ಇರೋದು.”

“ಅದ್ನೇ ತಕ್ಕೋ.”

ಸಂಜೆ ಸುಮೇಶ ಸುಜೀಶನಿಗೆ ಫೋನು ಮಾಡಿ, ರೋಟರಿ ಇಟ್ಟುಕೊಂಡೆ, ಕೋಳಾಂಬಿ ಕಳಿಸುತ್ತೇನೆ ಎಂದ. “ಗರಗರ ಬರ್ತದಲ್ಲೋ ಅದರಲ್ಲಿ?” ಎಂದು ಸುಜೀಶ್ ಕೇಳಿದ. “ಬರ್ತದೆ ಸುಜೀಶೇಟ್ಟಾ” ಎಂದ ಸುಮೇಶ. “ಅದರೊಳಗೇ ಇದ್ದಾರೆ ಅಜ್ಜ.” ಸುಜೀಶ್, “ಬ್ಯಾಟರಿ ಎರಡು ಒಯ್ಯಿ, ಒಂದನ್ನೇ ನಂಬಬೇಡ” ಎಂದು ಫೋನು ಇಟ್ಟ.

ಮಧ್ಯದ ಒಂದು ದಿನವನ್ನು ಆ ಮನೆ ಹೇಗೆ ಕಳೆಯಿತೋ ದೇವರೇ ಬಲ್ಲ. ಮಣೆಯನ್ನು ಯಾರೂ ಬೋರಲು ಹಾಕಲು ಹೋಗಲಿಲ್ಲ. ಮೆಟ್ಟಿಲು ಹತ್ತುವವರು ಒಂದು ಪಕ್ಕಕ್ಕೆ ಸರಿದು ಹತ್ತಿದರು.

ದಿನ ಬಂತು. ಹಾಡಿಯ ಜನವೆಲ್ಲ ಕಾಡುಹಲಸಿನ ಕೆಳಗೆ ಸೇರಿದರು. ಕಾರ್ತ್ಯಾಯಿನಿ ಅಪ್ಪನ ಮಣೆಯನ್ನು ತಲೆಯ ಮೇಲೆ ಹೊತ್ತು ತಂದು ಕಟ್ಟೆಯ ಮುಂದೆ ಬೋರಲು ಇಟ್ಟಳು. ಸುಮೇಶ ಟೇಪು, ಮಿಕ್ಸರು, ಎರಡು ಸ್ಪೀಕರುಗಳನ್ನು ಎಲೆಯ ಮೇಲೆ ಜೋಡಿಸಿ, ಕಟ್ಟೆಯ ಕಲ್ಲುಗಳಿಗೆ ಅಡ್ಡಬಿದ್ದು ಎದ್ದ. ನೆರಳು ಕಾಲಡಿಗೆ ಬಂತು. ಕಾಡಿನಲ್ಲಿ ನಡುಹಗಲಿನ ಆ ಮೌನ ಇಳಿಯಿತು. ಜೀರುಂಡೆಯೂ ಬಾಯಿ ಮುಚ್ಚುವ ಹೊತ್ತು.

ಅವನು ನಾಬು ತಿರುಗಿಸಿದ. ಹಸಿರು ಚುಕ್ಕಿ ಹೊತ್ತಿತು.

ಬಾ, ತೇಗದ ನೆರಳಿಂದ ಬಾ.

ಸತ್ತವನ ಸ್ವರ ತನ್ನನ್ನೇ ಕರೆಯಿತು. ಮುದುಕರು ಕೈ ಮುಗಿದರು. ಸ್ಪೀಕರಿನಿಂದ ಬಂದ ಸ್ವರ ಮರಗಳ ನಡುವೆ ಹೋಗಿ, ಅಲ್ಲಿ ಯಾರನ್ನೋ ಕಂಡ ಹಾಗೆ ಮೆತ್ತಗಾಗಿ ತಿರುಗಿ ಬಂತು. ಜೊತೆಗೆ ಬಂದಿದ್ದ ನಾಯಿ ಎದ್ದು ನಿಂತು, ದಾರಿಯ ಕಡೆ ನೋಡಿ, ಬಾಲ ಅಲ್ಲಾಡಿಸಿತು. ಈ ಸಲ ಸುಮೇಶ ಹಿಂದಕ್ಕೆ ಸುತ್ತಲಿಲ್ಲ. ಪದ ತನ್ನ ಪಾಡಿಗೆ ತಾನು ಮುಗಿಯಿತು. ನಿಲ್ಸ್ಬೇಡ. ಓಡ್ಲಿ ಅದು.

ಗಾಳಿ. ಅವನು ಎರಡು ನಾಬುಗಳನ್ನೂ ಎರಡು ಕೈಯಲ್ಲಿ ಹಿಡಿದು, ಒಂದನ್ನು ಇಳಿಸುತ್ತಾ ಇನ್ನೊಂದನ್ನು ಏರಿಸಿದ.

ಟೊಕ್. ಟೊಕ್ ಟೊಕ್. ಟೊಕ್.

ಕಾರ್ತ್ಯಾಯಿನಿ ಮಣೆಯನ್ನು ಮೇಲ್ಮುಖ ಮಾಡಿದಳು. ಆದರೆ ಬಾಯಿ ಬಿಚ್ಚಲಿಲ್ಲ. ಹೆಣ್ಣು ಪದ ಮೊದಲು ಮಾಡಿದ್ದನ್ನು ಯಾರೂ ಕಂಡಿರಲಿಲ್ಲ. ಎಲ್ಲರ ಕಣ್ಣೂ ಅವಳ ಮೇಲೆ. ಬಡಿತ ಒಂದು ಸುತ್ತು ಬಂದು ಹೋಯಿತು. ಇನ್ನೊಂದು ಸುತ್ತು ಹೋಯಿತು. ಸುಮೇಶ ಕ್ಯಾಸೆಟ್ಟಿನ ಕಿಟಕಿ ನೋಡಿದ. ಬಲಗಡೆಯ ಚಕ್ರ ದಪ್ಪಗಾಗಿತ್ತು, ಎಡಗಡೆಯದು ತೆಳ್ಳಗಾಗುತ್ತಿತ್ತು. “ಅವ್ವಾ” ಎಂದ, ಸದ್ದಿಲ್ಲದೆ, ಬರೀ ತುಟಿಯಲ್ಲಿ.

ಮೂರನೆಯ ಸುತ್ತಿಗೆ ಅವಳು ಎತ್ತಿಕೊಂಡಳು.

ಆ ಪದವನ್ನು ಇಲ್ಲಿ ಬರೆಯುವ ಹಾಗಿಲ್ಲ. ಒಂಬತ್ತು ಸಾಲು ಎಂದಷ್ಟೇ ಹೇಳಬಹುದು. ಅವಳ ಸ್ವರ ಮೊದಲೆರಡು ಸಾಲಿನಲ್ಲಿ ನಡುಗಿತು. ಆಮೇಲೆ ಬೆರಳಿನ ದಾರಿ ಸಿಕ್ಕಿ ನೆಟ್ಟಗಾಯಿತು. ಹಿಂದೆ ಕೂತ ಹೆಂಗಸರು ಸಾಲಿನ ಕೊನೆಯನ್ನು ಹಿಡಿದುಕೊಂಡರು. ಸುಮೇಶ ನಾಬುಗಳಿಂದ ಕೈ ತೆಗೆಯದೆ ಎಣಿಸುತ್ತಿದ್ದ. ನಾಲ್ಕು. ಐದು. ಆರನೆಯ ಸಾಲಿನ ನಡುವೆ ಎಡಗಡೆಯ ಚಕ್ರ ಖಾಲಿಯಾಯಿತು. ಟಕ್ಕೆಂದು ಗುಂಡಿ ಮೇಲೆದ್ದಿತು. ಟೇಪು ನಿಂತಿತು. ಮಿಕ್ಸರಿನ ಹಸಿರು ಚುಕ್ಕಿ ಆರಿತು.

ಇನ್ನೂ ಮೂರೂವರೆ ಸಾಲು ಬಾಕಿ ಇತ್ತು.

ಟೊಕ್. ಟೊಕ್ ಟೊಕ್. ಟೊಕ್.

ಬಡಿತ ನಿಂತಿರಲಿಲ್ಲ. ಅದು ಸ್ಪೀಕರಿನಿಂದ ಬರುತ್ತಿತ್ತೋ, ಮಣೆಯಿಂದ ಬರುತ್ತಿತ್ತೋ, ಸುಮೇಶ ತಲೆ ಎತ್ತಿ ನೋಡಲಿಲ್ಲ. ನೋಡಬಾರದು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ, ಆದರೂ ನೋಡಲಿಲ್ಲ. ನಿಂತ ಚಕ್ರಗಳನ್ನೇ ನೋಡುತ್ತಾ, ಏನೂ ಬಾರದ ಯಂತ್ರದ ನಾಬುಗಳನ್ನು ಹಿಡಿದುಕೊಂಡು ಕೂತ. ತಾಯಿ ಕಣ್ಣು ಮುಚ್ಚಿ ಹಾಡುತ್ತಿದ್ದಳು. ಏಳು. ಎಂಟು. ಒಂಬತ್ತನೆಯ ಸಾಲು ಮುಗಿದು, ಹೆಂಗಸರು ಅದರ ಕೊನೆಯನ್ನು ನೆಲಕ್ಕಿಳಿಸಿದರು. ಬಡಿತ ಇನ್ನೊಂದೇ ಒಂದು ಸಲ ಬಂತು, ಒಂಟಿಯಾಗಿ, ಮುದುಕರು ಕೂರುವಾಗ ಕೈಯೂರುವ ಹಾಗೆ.

ಆಮೇಲೆ ಜೀರುಂಡೆ ಕೂಗಿತು. ನಾಯಿ ಸುತ್ತು ತಿರುಗಿ, ಕಟ್ಟೆಗೆ ಬೆನ್ನು ಮಾಡಿ ಮಲಗಿತು.

ಇಳಿದು ಬರುವ ದಾರಿಯಲ್ಲಿ ಕಾರ್ತ್ಯಾಯಿನಿ ಮಗನ ಪಕ್ಕಕ್ಕೆ ಬಂದಳು. ತಲೆಯ ಮೇಲೆ ಮಣೆ ಇರಲಿಲ್ಲ. ಅದು ಇನ್ನು ಕಟ್ಟೆಯದು.

“ಕಣ್ ಮುಚ್ಕೊಂಡಿದ್ದೆ, ನಂಗ್ ಏನೂ ತಿಳೀನಿಲ್ಲ” ಎಂದಳು. “ಅಪ್ಪನ್ ಬೆರಳು ಕಡೇ ತನಕ ಬಂತಾ ಮಗಾ? ನಡುವೆ ನಿಲ್ನಿಲ್ಲ ತಾನೆ?”

“ಬಂತು ಅವ್ವಾ. ಕಡೇ ತನಕ ಬಂತು.”

ಅಂಬಿಳಿ ಆ ಮಧ್ಯಾಹ್ನ ಮೂರು ತಟ್ಟೆ ಇಟ್ಟಳು. ಮೆಟ್ಟಿಲ ಮೇಲೆ ಬಿಸಿಲು ಅಂಚಿನಿಂದ ಅಂಚಿಗೆ ಹರಡಿಕೊಂಡಿತ್ತು. ಸುಮೇಶ ಮಿಕ್ಸರನ್ನು ಒಗೆದ ಪಂಚೆಯಲ್ಲಿ ಒರೆಸಿ, ನಾಬುಗಳನ್ನೆಲ್ಲ ಸೊನ್ನೆಗೆ ತಿರುಗಿಸಿ ಇಟ್ಟ. ಕ್ಯಾಸೆಟ್ಟನ್ನು ತೆಗೆದು ಅಜ್ಜನ ಗುರುತಾಗಿ ಉಳಿದಿದ್ದ ಕಂಬಳಿಯ ಮಡಿಕೆಯೊಳಗೆ ಸೇರಿಸಿದ. ಅದನ್ನು ಅವನು ಹಿಂದಕ್ಕೆ ಸುತ್ತಲಿಲ್ಲ.